ತುಕ್ಕು ಹಿಡಿದ ಬಾಂಕು

ನನ್ನ ಗಂಡ ಬ್ಯಾಂಕಿನಲ್ಲಿದ್ದಾನೆ ಎಂದು ಹೇಳಿ ನನ್ನ ಮದುವೆ ಮಾಡಿದರು. ಯಾರೂ ಸುಳ್ಳು ಹೇಳಿದ್ದಲ್ಲ. ಸುಳ್ಳು ಹೇಳಿದ್ದರೆ ಯಾರಾದರೊಬ್ಬರನ್ನು ಹಿಡಿದು ಬೈಯಬಹುದಿತ್ತು, ಆ ಸುಖವೂ ನನಗೆ ಸಿಗಲಿಲ್ಲ.

ಬ್ಯಾಂಕುಗಳು ಸರಕಾರದವಾಗಿ ಸ್ವಲ್ಪ ಕಾಲವಾಗಿತ್ತು. ಬ್ಯಾಂಕಿನ ವರ ಎಂದರೆ ಹೆಣ್ಣಿನ ಕಡೆಯವರು ಜಾತಕ ಕೂಡ ನೋಡದೆ ತಲೆಯಾಡಿಸುತ್ತಿದ್ದರು. ನಮ್ಮದು ಧಾರವಾಡ ಸೀಮೆಯ ಒಂದು ತಾಲೂಕು ಊರು. ಅಪ್ಪನದು ಅರಿವೆ ಅಂಗಡಿ. ಅಪ್ಪ ಮೆತ್ತಗಾದ ಮೇಲೆ ಅಂಗಡಿಗೂ ಮನೆಗೂ ಅಣ್ಣನೇ ಯಜಮಾನ. ಮದುವೆ ಮಾತು ತಂದವರು ಮುಂಬಯಿಯ ಸಯನ್ನಿನಲ್ಲಿದ್ದ ನಮ್ಮ ದೂರದ ಕಾಕಾ. ಅವರು ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಈ ಹುಡುಗನನ್ನು ಕಂಡು, ನಮ್ಮ ಕಡೆಯವನೆಂದು ತಿಳಿದು, ಎಲ್ಲಿ ಕೆಲಸ ಎಂದು ಕೇಳಿದ್ದರು.

"ಜೋಗೇಶ್ವರ್ಯಾಗ್ರಿ. ಬಾಂಕ್ ಮ್ಯಾಲ ಇದ್ದೀನಿ," ಅಂದನಂತೆ ಹುಡುಗ.

"ಕಾಯಂ ಏನು?"

"ಹೌದ್ರಿ, ಕಾಯಂ."

ನಮ್ಮವರು ಮಾಡಿದ ವಿಚಾರಣೆ ಇಷ್ಟೇ. ಕಾಕಾ ಪ್ರಸಾದ ತಿಂದು ಕೈ ತೊಳೆಯುವುದರೊಳಗೆ ನನ್ನ ಲಗ್ನ ಗಟ್ಟಿಯಾಗಿತ್ತು.

ಜೋಗೇಶ್ವರಿಯ ಚಾಳಿಗೆ, ಸಾಲು ಖೋಲಿಗಳ ಆ ವಠಾರಕ್ಕೆ, ಬಂದ ಮೊದಲ ಸೋಮವಾರ ಸಂಜೆ ಗಂಡ ಕೆಲಸದಿಂದ ಬಂದಾಗ ಅವನ ಎರಡೂ ಕೈ ಮೊಣಕೈವರೆಗೆ ಕರ್ರಗಿದ್ದವು. ಬ್ಯಾಂಕಿನಲ್ಲಿ ಶಾಯಿ ಚೆಲ್ಲಿರಬೇಕು ಅಂದುಕೊಂಡೆ. ಮರುದಿನವೂ ಚೆಲ್ಲಿತ್ತು. ಅದರ ಮರುದಿನ ಅಂಗಿಯ ತೋಳಿನಿಂದ ಕಬ್ಬಿಣದ ಪುಡಿ ಉದುರಿತು. ಇದು ಯಾವ ಬ್ಯಾಂಕು ಎಂದು ಆಗ ಕೇಳಿಯೇಬಿಟ್ಟೆ. ಆತ ಪಾಪ, ನಾನೇನು ಕೇಳುತ್ತಿದ್ದೇನೆ ಎಂದೇ ಮೊದಲು ತಿಳಿಯದೆ ನಿಂತ. ಆಮೇಲೆ ಬಿಡಿಸಿ ಹೇಳಿದ. ಮೇಜಿನ ಅಂಚಿಗೆ ಬೋಲ್ಟು ಹಾಕಿ ಕೂಡಿಸಿದ ಒಂದು ಕಬ್ಬಿಣದ ಸಾಮಾನು ಇರುತ್ತದೆ. ಅದಕ್ಕೆ ಎರಡು ದವಡೆ. ಹಿಡಿ ತಿರುಗಿಸಿದರೆ ದವಡೆಗಳು ಕೂಡಿಕೊಂಡು ನಡುವೆ ಇಟ್ಟದ್ದನ್ನು ಕಚ್ಚಿ ಹಿಡಿಯುತ್ತವೆ, ಆಗ ಎರಡೂ ಕೈಯಿಂದ ಅದನ್ನು ಉಜ್ಜಬಹುದು, ಕೊಯ್ಯಬಹುದು. ಇಂಗ್ಲಿಷಿನವರು ಅದಕ್ಕೆ ವೈಸ್ ಅನ್ನುತ್ತಾರೆ. ಮುಂಬಯಿಯ ಕಾರ್ಖಾನೆಗಳ ಹಿಂದಿಯಲ್ಲಿ ಅದು ಬಾಂಕ್. ನನ್ನ ಗಂಡ ಫಿಟ್ಟರ್. ಬಾಂಕಿನ ಮೇಲೆ ಅವನು ಕಾಯಂ ಇದ್ದದ್ದು ನಿಜವೇ.

ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದ ಸಿಟ್ಟು ಬಲು ಕೆಟ್ಟದ್ದು, ಅದು ಪಾತ್ರೆಗಳ ಮೇಲೆ ಹೋಗುತ್ತದೆ. ಕೆಲವು ದಿನ ಸದ್ದು ಮಾಡಿ ಪಾತ್ರೆ ತೊಳೆದೆ. ಆತ ರಮಿಸಲೂ ಇಲ್ಲ, ಗದರಿಸಲೂ ಇಲ್ಲ. ತಾನೇ ಚಹಾ ಮಾಡಿ ನನ್ನ ಮುಂದೊಂದು ಕಪ್ಪು ಇಟ್ಟು ಖೋಲಿಗಳ ಮುಂದಿನ ಉದ್ದನೆಯ ಗ್ಯಾಲರಿಯಲ್ಲಿ ಹೋಗಿ ನಿಲ್ಲುತ್ತಿದ್ದ. ಚಹಾ ಚೆನ್ನಾಗಿರುತ್ತಿತ್ತು. ನಮ್ಮ ಮನೆಯಲ್ಲಿ ಒಬ್ಬ ಗಂಡಸು ಒಲೆಯ ಹತ್ತಿರ ಹೋದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಊರಿಗೆ ನಾನು ಏನೂ ತಿಳಿಸಲಿಲ್ಲ. ಹೆದರಿಕೆಯಿಂದಲ್ಲ. ಆ ಹೊತ್ತಿಗೆ ನನಗೆ ಆ ಮನುಷ್ಯ ಬೇಕಾಗಿದ್ದ, ಆ ಖೋಲಿ ಬೇಕಾಗಿತ್ತು. ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಯಾರನ್ನೂ ಕೇಳದೆ ಸ್ಟೇಷನ್ನಿನವರೆಗೆ ಹೋಗಿ ಕೊತ್ತಂಬರಿ ತರುವುದು ಎಷ್ಟು ದೊಡ್ಡ ವಿಷಯ ಅಂತ ಗಂಡಸರಿಗೆ ಹೇಗೆ ತಿಳಿದೀತು? ಊರಲ್ಲಿ ನಾನು ಬಾಗಿಲ ಹೊರಗೆ ನಿಲ್ಲಬೇಕಾದರೂ ಅಣ್ಣನ ಮುಖ ನೋಡಬೇಕಾಗಿತ್ತು.

ಆದರೆ ಬ್ಯಾಂಕಿನ ಅಳಿಯ ಎಂದ ಮೇಲೆ ಊರು ಸುಮ್ಮನಿರುತ್ತದೆಯೇ? ಮಗನಿಗೆ ನೌಕರಿ ಹಚ್ಚಿಸಿ ಕೊಡಿರೆಂದು ಕೇಳಲು ನಮ್ಮೂರಿನ ಒಬ್ಬ ಹಿರಿಯರು ನೇರ ಜೋಗೇಶ್ವರಿಗೇ ಬಂದುಬಿಟ್ಟರು. ಬಂದವರು ಕಂಡದ್ದು, ಬನಿಯನ್ನು ಹಾಕಿಕೊಂಡು ನಳದ ಹತ್ತಿರ ಕೈಗೆ ಮರಳು ಹಚ್ಚಿ ಉಜ್ಜುತ್ತಿದ್ದ ಬ್ಯಾಂಕಿನ ಸಾಹೇಬನನ್ನು. ಅವರಿಗೆ ನಾನೇ ನಿಂತು ಎಲ್ಲ ವಿವರಿಸಿದೆ. ಅವರು ಚಹಾ ಕುಡಿಯದೆ ಎದ್ದರು.

ಅದೇ ಸುಮಾರಿಗೆ ಗಂಡನ ವರ್ಕ್‌ಶಾಪಿಗೆ ಬೀಗ ಬಿತ್ತು. ಮಾಲೀಕ ಮಶೀನುಗಳನ್ನು ಲಾರಿಗೆ ಹೇರಿ ಗುಜರಾತಿನ ಕಡೆಗೆ ಒಯ್ದ. ಗಂಡ ಗಲ್ಲಿಗಲ್ಲಿ ತಿರುಗಿದ. ಎಲ್ಲ ಕಡೆಯೂ ನಾಳೆ ಬಾ ಅನ್ನುವವರೇ. ಕೊನೆಗೆ ಒಬ್ಬ ಹಳೆಯ ಪರಿಚಯದವನು ಒಂದು ಮಾತು ಹೇಳಿದ. ಅವನ ಹತ್ತಿರ ಎರಕದ ಸಣ್ಣ ಸಣ್ಣ ಸಾಮಾನು ಬರುತ್ತವೆ, ಅವುಗಳ ಅಂಚಿನ ಮುಳ್ಳು ಉಜ್ಜಿ ನುಣ್ಣಗೆ ಮಾಡಿಕೊಡಬೇಕು. ಅವನ ಜಾಗದಲ್ಲಿ ನಿಲ್ಲಲು ಎಡೆಯಿಲ್ಲ, ಸ್ವಂತ ಬಾಂಕು ಇದ್ದರೆ ಮನೆಗೆ ಒಯ್ದು ಮಾಡಬಹುದು.

ಮರುದಿನ ಬೆಳಿಗ್ಗೆ ಗಂಡ, "ಭಂಗಾರದಂಗಡಿಗೆ ಹೋಗಿ ಬರ್ತೀನಿ," ಅಂತ ಹೊರಟ. ನಮ್ಮ ಊರಲ್ಲಿ ಬಂಗಾರ ಅಂದರೆ ಬಂಗಾರವೇ. ಮುಂಬಯಿಯಲ್ಲಿ ಭಂಗಾರ ಅಂದರೆ ಗುಜರಿ. ಅಷ್ಟರಲ್ಲಿ ನಾನೂ ಪಳಗಿದ್ದೆ, ಕೊರಳ ಸರ ಮುಟ್ಟಿ ನೋಡಿಕೊಳ್ಳಲಿಲ್ಲ. ಮಧ್ಯಾಹ್ನ ಆತ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಒಂದು ಗೋಣಿಚೀಲ ತಂದು, ಒಂದೊಂದೇ ಮೆಟ್ಟಿಲಿಗೆ ಎತ್ತಿಡುತ್ತ ಮೇಲೆ ಬಂದ. ಚೀಲದಿಂದ ಹೊರಬಿದ್ದದ್ದು ಕೆಂಪು ತುಕ್ಕಿನ ಒಂದು ಮುದ್ದೆ. ಮೈಮೇಲೆ ಇಂಗ್ಲಿಷ್ ಅಕ್ಷರಗಳು ಉಬ್ಬಿದ್ದವು, ಅರ್ಧ ಸವೆದಿದ್ದವು. ದವಡೆಯ ಹಲ್ಲಿನ ಪಟ್ಟಿ ಎರಡೂ ಇಲ್ಲ. ಹಿಡಿ ಇತ್ತು, ತಿರುಗುತ್ತಿರಲಿಲ್ಲ. ಗಂಡನ ಮಣಿಕಟ್ಟು ನೋಡಿದೆ. ಮದುವೆಯಲ್ಲಿ ಅಪ್ಪ ಕೊಟ್ಟಿದ್ದ ಗಡಿಯಾರ ಇರಲಿಲ್ಲ. ಗಡಿಯಾರ ಕೊಟ್ಟು ಇದನ್ನು ತಂದಿದ್ದ.

"ಬೈಯೂದಿದ್ರ ಬೈದು ಬಿಡು," ಅಂದ.

"ಮೊದಲ ಇದು ತಿರಗ್ತದೋ ಇಲ್ಲೋ ನೋಡ್ರಿ. ಆಮ್ಯಾಲ ಬೈತೀನಿ," ಅಂದೆ.

ತಿರುಗಲಿಲ್ಲ. ಆತ ಹಿಡಿಗೆ ಒಂದು ಪೈಪು ಸಿಕ್ಕಿಸಿ ಜಗ್ಗಿದ, ಸುತ್ತಿಗೆಯಿಂದ ಹೊಡೆದ. ಹಿಡಿ ಬಾಗಿತೇ ಹೊರತು ಒಳಗಿನ ತಿರುಪು ಅಲುಗಲಿಲ್ಲ. ಕೆಲಸ ಹೋದ ಗಂಡಸಿನ ಕೈಗೆ ಸುತ್ತಿಗೆ ಕೊಡಬಾರದು ಅಂತ ಆವತ್ತು ನನಗೆ ತಿಳಿಯಿತು. ಕಸಿದುಕೊಂಡು ಒಲೆಯ ಹಿಂದೆ ಇಟ್ಟೆ. ಹಾಗಾದರೆ ಏನು ಮಾಡುವುದು ಎಂದು ಕೇಳಿದೆ. ಚಿಮಣಿ ಎಣ್ಣೆಯಲ್ಲಿ ನೆನೆಹಾಕಬೇಕು, ಆದರೆ ಅಷ್ಟು ಎಣ್ಣೆ ಎಲ್ಲಿಂದ ತರುವುದು ಎಂದ. ರೇಷನ್ನಿನಲ್ಲಿ ಸಾಲಿಗೆ ನಿಂತು ತಂದ ಎಣ್ಣೆ ಮನೆಯಲ್ಲಿತ್ತು, ಸ್ಟೋವಿನದು. ಅದನ್ನು ಬಕೀಟಿಗೆ ಸುರಿದು ಬಾಂಕನ್ನು ಅದರಲ್ಲಿ ಇಳಿಸಿದೆ. ಆ ವಾರವೆಲ್ಲ ನಮ್ಮದು ನೆನೆಸಿದ ಅವಲಕ್ಕಿ, ಹಚ್ಚಿದ ಚುರುಮುರಿ, ಉಳ್ಳಾಗಡ್ಡಿ. ಚಹಾ ಮಾತ್ರ ಕೆಳಗಿನ ಟಪರಿ ಅಂಗಡಿಯಿಂದ.

ಅವಲಕ್ಕಿಯ ಆ ದಿನಗಳಲ್ಲೇ ಅಣ್ಣ ಬಂದ.

ಬರುತ್ತೇನೆಂದು ತಿಳಿಸಿರಲಿಲ್ಲ. ಅಂಗಡಿಗೆ ಸೀರೆ ಖರೀದಿಯೂ ಇತ್ತು, ತಂಗಿಯ ವಿಚಾರಣೆಯೂ ಇತ್ತು. ಬಾಗಿಲಲ್ಲಿ ನಿಂತು ಮೂಗಿಗೆ ಪಂಚೆಯ ಚುಂಗು ಹಿಡಿದ. ಖೋಲಿಯಲ್ಲೆಲ್ಲ ಚಿಮಣಿ ಎಣ್ಣೆಯ ವಾಸನೆ, ನೆಲಕ್ಕೆ ಹಾಸಿದ ಪೇಪರಿನ ಮೇಲೆ ತುಕ್ಕಿನ ಕೆಸರು, ಕೂರಲು ಚಾಪೆ ಹಾಸುವಷ್ಟೂ ಜಾಗವಿಲ್ಲ.

"ಇದೇನವಾ ತಂಗಿ? ಗುಜರಿ ಅಂಗಡಿ ತಗದೀರೇನು ಮನ್ಯಾಗ?"

"ಬಾ ಅಣ್ಣಾ. ಕಾಲು ನೋಡಿ ಇಡು, ಎಣ್ಣಿ ಚೆಲ್ಲೇದ."

ಅವನು ನಿಂತೇ ಮಾತಾಡಿದ. ಊರಲ್ಲಿ ತಲೆ ಎತ್ತಲಾರದಂತಾಗಿದೆ. ಬ್ಯಾಂಕು ಅಂತ ಕೇಳಿದ್ದೆವು, ಕಬ್ಬಿಣ ತಿಕ್ಕುವವನು ಅಂತ ತಿಳಿಯಿತು. ಈಗ ಆ ತಿಕ್ಕುವ ಕೆಲಸವೂ ಇಲ್ಲ ಎಂದು ಕಾಕಾ ಹೇಳಿದರು. ಗಡಿಯಾರ ಎಲ್ಲಿ? ಗಂಡ ಬಕೀಟಿನ ಕಡೆ ಕೈ ತೋರಿಸಿದ. ಅಣ್ಣ ಬಕೀಟಿನೊಳಗೆ ಇಣುಕಿ ನೋಡಿದ, ಗಡಿಯಾರ ಅದರಲ್ಲಿ ಬಿದ್ದಿದೆ ಅಂದುಕೊಂಡಿರಬೇಕು. ನನಗೆ ನಗು ತಡೆಯಲಾಗಲಿಲ್ಲ, ಅದಕ್ಕೂ ಬೈಸಿಕೊಂಡೆ.

"ಶನಿವಾರ ಗಾಡಿಗೆ ಹೋಗೂದದ. ನೀನೂ ನಡಿ. ಇವಗ ಒಂದು ನೌಕರಿ ಅಂತ ಆದ ಮ್ಯಾಲ ಬರೂವಂತಿ."

ಅಣ್ಣ ಹಾಗನ್ನುವುದು ನಿರೀಕ್ಷಿಸಿದ್ದೇ. ಆದರೆ ಅವನು ಸಯನ್ನಿಗೆ, ಕಾಕಾನ ಮನೆಗೆ, ಹೊರಟುಹೋದ ಮೇಲೆ ಗಂಡ ಗೋಡೆ ನೋಡುತ್ತ ಅಂದ ಮಾತು ನನ್ನ ಹೊಟ್ಟೆಗೆ ಬೆಂಕಿ ಹಾಕಿತು.

"ಸ್ವಲ್ಪ ದಿವಸ ಹೋಗಿ ಬಾ. ಇಲ್ಲಿ ಅವಲಕ್ಕಿ ತಿಂದು ಏನ್ ಮಾಡ್ತಿ?"

ಸ್ವಲ್ಪ ದಿವಸ! ನಮ್ಮ ಓಣಿಯಲ್ಲೇ ಇದ್ದಳು ಒಬ್ಬಳು, ಸ್ವಲ್ಪ ದಿವಸಕ್ಕೆಂದು ತವರಿಗೆ ಬಂದವಳು. ಅತ್ತಿಗೆಯರು ಉಂಡ ಮೇಲೆ ಉಣ್ಣುತ್ತಿದ್ದಳು, ಅವರ ಮಕ್ಕಳ ಅಂಡು ತೊಳೆಯುತ್ತಿದ್ದಳು, ಹಬ್ಬಕ್ಕೆ ಯಾರೋ ಉಟ್ಟು ಬಿಟ್ಟ ಸೀರೆ ಉಡುತ್ತಿದ್ದಳು. ಗಂಡನಿಗೆ ನೌಕರಿ ಸಿಕ್ಕಿತೋ ಇಲ್ಲವೋ ಎಂದು ಆಮೇಲೆ ಯಾರೂ ಕೇಳಲೇ ಇಲ್ಲ. ಹೋದರೆ ನಾನೂ ತಿರುಗಿ ಬರುವುದಿಲ್ಲ ಎಂಬುದು ನನಗೆ ಅಷ್ಟು ಸ್ಪಷ್ಟವಿತ್ತು. ಗಂಡನಿಗೆ ಬಾಯಿಗೆ ಬಂದಂತೆ ಅಂದೆ. ನಿಮಗೆ ಧೈರ್ಯ ಸಾಲದಿದ್ದರೆ ನೀವೇ ಹೋಗಿ ನಿಮ್ಮ ತವರಿಗೆ, ನಾನು ಇಲ್ಲೇ ಇದ್ದು ಇದನ್ನು ಬಿಚ್ಚುತ್ತೇನೆ ಎಂದೆ. ಆತ ಎದ್ದು ಒಲೆಯ ಹಿಂದಿನಿಂದ ಸುತ್ತಿಗೆ ತೆಗೆದ. ಹೊಡೆಯಲಿಕ್ಕಲ್ಲ, ಮೆಲ್ಲಗೆ ತಟ್ಟಲಿಕ್ಕೆ.

ಎಣ್ಣೆಯಿಂದ ಎತ್ತಿ, ತಿರುಪಿನ ಬಾಯಿಗೆ ಸುತ್ತಲೂ ತಟ್ಟಿ, ಮತ್ತೆ ಎಣ್ಣೆಗೆ ಬಿಡುವುದು. ನಡುವೆ ಹಿಡಿಗೆ ಕೈ ಹಾಕಲು ಆತ ಹೋದಾಗಲೆಲ್ಲ ತಡೆದೆ. ಹೆಪ್ಪು ಹಾಕಿದ ಪಾತ್ರೆಯನ್ನು ಗಳಿಗೆಗೊಮ್ಮೆ ಅಲ್ಲಾಡಿಸಿದರೆ ಮೊಸರಾಗುತ್ತದೆಯೇ? ಬುಧವಾರ ಮಧ್ಯಾಹ್ನ ಪಕ್ಕದ ಮನೆಯ ಶೇಗಡಿಯ, ಎಂದರೆ ಇದ್ದಿಲೊಲೆಯ, ಕೆಂಡದಲ್ಲಿ ಬಾಂಕನ್ನು ಕಾಯಿಸಿ ಹಿಡಿಯನ್ನು ಒತ್ತಿದಾಗ ಒಳಗೆ ಎಲ್ಲೋ ಟಕ್ಕೆಂದಿತು. ಮುರಿಯಿತು ಅಂದುಕೊಂಡೆ. ಮುರಿದಿರಲಿಲ್ಲ, ಬಿಟ್ಟಿತ್ತು. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಎಣ್ಣೆ, ಹೀಗೆ ಒಲಿಸಿ ಒಲಿಸಿ ಸಂಜೆಯ ಹೊತ್ತಿಗೆ ಇಡೀ ತಿರುಪು ಹೊರಗೆ ಬಂತು. ಒಳಗಿನ ಹಳೆಯ ಗ್ರೀಸು ಪಾಕ ಮೀರಿದ ಬೆಲ್ಲದಂತೆ ಗಟ್ಟಿಯಾಗಿತ್ತು, ಕೆದಕಿ ತೆಗೆದೆ.

ತುಕ್ಕಿಗೆ ಹುಣಸೆಹಣ್ಣು ಹಚ್ಚಿದವಳು ನಾನೇ. ತಾಮ್ರದ ಕೊಡ ಬೆಳಗುವ ಹುಣಸೆ ಕಬ್ಬಿಣವನ್ನು ಯಾಕೆ ಬೆಳಗಬಾರದು? ದಪ್ಪಗೆ ಮೆತ್ತಿ, ಆಮೇಲೆ ಇಟ್ಟಂಗಿಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ತುಕ್ಕೇನೋ ಬಿಟ್ಟಿತು. ಒರೆಸುವುದು ಸ್ವಲ್ಪ ತಡವಾದದ್ದಕ್ಕೆ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಯಿತು. ಗಂಡ ಬೈಯುತ್ತಾನೆ ಅಂದುಕೊಂಡೆ. ಕಪ್ಪಿದ್ದರೇನು, ನಿನ್ನ ಅಣ್ಣನಿಗೆ ತೋರಿಸಿ ವರದಕ್ಷಿಣೆ ಕೇಳುವುದಿದೆಯೇ ಎಂದ. ಕೆಲಸ ಹೋದ ಮೇಲೆ ಆತ ಆಡಿದ ಮೊದಲ ಚೇಷ್ಟೆಯ ಮಾತು ಅದು. ಕೊಬ್ಬರಿಎಣ್ಣೆ ಒರೆಸಲು ಹೋದೆ, ತಿನ್ನುವ ಎಣ್ಣೆ ಅಂಟಾಗುತ್ತದೆ ಎಂದು ತಡೆದು, ಲಾರಿ ಗ್ಯಾರೇಜಿನಿಂದ ಒಂದು ಚಿಪ್ಪಿನ ತುಂಬ ಗ್ರೀಸು ಬೇಡಿ ತಂದ.

ಇನ್ನು ಹಲ್ಲಿನ ಪಟ್ಟಿ. ಉಕ್ಕಿನ ಎರಡು ತುಂಡು ಸಿಕ್ಕಿದವು, ಅವುಗಳನ್ನು ಅರದಿಂದ ಅಳತೆಗೆ ಉಜ್ಜಬೇಕು, ಮೇಲೆ ಅಡ್ಡಡ್ಡ ಗೆರೆ ಕೊಯ್ಯಬೇಕು. ಉಜ್ಜಲು ಗಟ್ಟಿಯಾಗಿ ಹಿಡಿಯಬೇಕು. ಗಟ್ಟಿಯಾಗಿ ಹಿಡಿಯಲು ಬಾಂಕು ಬೇಕು. ಬಾಂಕು ನೋಡಿದರೆ ಬಾಯಿ ಕಿತ್ತುಕೊಂಡು ಬಿದ್ದಿದೆ! ಗಂಡ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಪಟ್ಟಿಯನ್ನು ಒರಳುಕಲ್ಲಿನ ಅಡಿಗೆ ಅರ್ಧ ತೂರಿಸಿ, ಕಲ್ಲಿನ ಮೇಲೆ ಏರಿ ಕೂತೆ. ಉಜ್ಜಿರಿ ಅಂದೆ. ಎರಡು ದಿನ ಹಾಗೇ ಕೂತಿದ್ದೆ, ಆತ ಉಜ್ಜಿದಂತೆಲ್ಲ ನನ್ನ ಬೆನ್ನುಹುರಿ ಝುಂ ಅನ್ನುತ್ತಿತ್ತು.

ಬಾಂಕನ್ನು ಕೂಡಿಸಲು ಖೋಲಿಯಲ್ಲಿ ಎಡೆಯಿರಲಿಲ್ಲ. ಯಾರದೋ ಹಳೆಯ ಬಾಗಿಲಿನ ಸಾಗವಾನಿ ಹಲಗೆಗೆ ಕಾಲು ಹೊಡೆದು, ನಮ್ಮ ಬಾಗಿಲಿನ ಮುಂದೆ ಗ್ಯಾಲರಿಯಲ್ಲಿ ಹಾಕಿದೆವು. ಹಾಕುತ್ತಿದ್ದಂತೆಯೇ ಪಕ್ಕದ ಮರಾಠಿ ಹೆಂಗಸು ಸೊಂಟಕ್ಕೆ ಕೈ ಇಟ್ಟು ನಿಂತಳು, ಶೇಗಡಿ ಕೊಟ್ಟಿದ್ದವಳೇ. ಇಲ್ಲಿ ಟಕಟಕ ಮಾಡಿದರೆ ನಾವು ಮಲಗುವುದು ಹೇಗೆ ಎಂದಳು. ನನಗೆ ಬರುತ್ತಿದ್ದ ಅರ್ಧ ಹಿಂದಿ, ಕಾಲು ಮರಾಠಿ, ಮಿಕ್ಕಿದ್ದು ಕನ್ನಡ ಎಲ್ಲ ಕೂಡಿಸಿ ಹೇಳಿದೆ. ಬೇಸಿಗೆಯಲ್ಲಿ ನೀವು ಇದೇ ಗ್ಯಾಲರಿಯಲ್ಲಿ ದಿನಗಟ್ಟಲೆ ಮಸಾಲೆ ಕುಟ್ಟುತ್ತೀರಿ, ಇಡೀ ಚಾಳು ಸೀನುತ್ತದೆ. ಒಂದು ದಿನವಾದರೂ ನಾನು ಬಂದು ಕೇಳಿದೆನೇ? ನಾವೂ ಹೊಟ್ಟೆಗೇ ಕುಟ್ಟುವವರು. ಮಧ್ಯಾಹ್ನ ನೀವು ಮಲಗುವ ಹೊತ್ತು ಬಿಟ್ಟು ಮಾಡುತ್ತೇವೆ, ಆದರೆ ಮಾಡುತ್ತೇವೆ. ಅವಳು ಏನೋ ಗೊಣಗಿ ಒಳಗೆ ಹೋದಳು. ಆಮೇಲೆ ಬೋಲ್ಟು ಬಿಗಿಯುವಾಗ ಹಲಗೆ ಅಲ್ಲಾಡುವುದನ್ನು ಕಂಡು ತಾನೇ ಬಂದು ಒತ್ತಿ ಹಿಡಿದಳು.

ಶುಕ್ರವಾರ ಸಂಜೆ ಹೊಸ ಪಟ್ಟಿ ಹಾಕಿ, ತಿರುಪು ಕೂಡಿಸಿ, ಹಿಡಿ ತಿರುಗಿಸಿದೆವು. ಬಾಗಿದ ಹಿಡಿ ಬಾಗಿದಂತೆಯೇ ಇತ್ತು. ದವಡೆಗಳು ಬಂದು ಒಂದಕ್ಕೊಂದು ಕೂಡಿಕೊಂಡವು. ನಡುವೆ ಬೆಳಕೂ ತೂರಲಿಲ್ಲ. ಗಂಡ ನನ್ನ ಮುಖ ನೋಡಲಿಲ್ಲ, ಕಣ್ಣು ಒರೆಸಿಕೊಂಡು ಮುಖಕ್ಕೆಲ್ಲ ಗ್ರೀಸು ಮಾಡಿಕೊಂಡ.

ಶನಿವಾರ ಬೆಳಿಗ್ಗೆ ಆತ ಎರಕದ ಸಾಮಾನು ತರಲು ಹೋದ. ನಾನು ನಳಕ್ಕೆ ಹೋದೆ. ನೀರಿನ ಸಾಲು ಕರಗಿ, ಕೊಡ ಹೊತ್ತು ಮೇಲೆ ಬರುವಾಗ ಅಣ್ಣ ಖೋಲಿಯಲ್ಲಿದ್ದ. ಹಗ್ಗದ ಮೇಲಿನ ನನ್ನ ಸೀರೆಗಳು ಇರಲಿಲ್ಲ. ಕನ್ನಡಿಯ ಹತ್ತಿರದ ಕುಂಕುಮದ ಡಬ್ಬಿ ಇರಲಿಲ್ಲ. ಎಲ್ಲ ನನ್ನ ಟ್ರಂಕಿಗೆ ತುಂಬಿ, ಸ್ಟೇಷನ್ನಿನ ಹತ್ತಿರ ಕೊಂಡು ತಂದಿದ್ದ ಹೊಸ ಕೀಲಿ ಜಡಿದು, ಕೀಲಿಕೈ ಕೋಟಿನ ಕಿಸೆಗೆ ಹಾಕಿಕೊಂಡಿದ್ದ.

"ಟಿಕೀಟು ಆಗೇದ. ನೀನಾಗೇ ತುಂಬೂದಿಲ್ಲಂತ ಗೊತ್ತಿತ್ತು. ಮಾರಿ ತೊಳಕೊಂಡು ನಡಿ," ಅಂದ. ಗದರಿಸುವ ದನಿಯಲ್ಲ. ಅಂಗಡಿಯಲ್ಲಿ ಅರಿವೆಯ ಥಾನು ಮಡಚಿ ಇಡುವ ಆಳಿಗೆ ಹೇಳಿದಷ್ಟೇ ಸಮಾಧಾನ.

ಕೊಡ ಇಳಿಸಿದೆ. ಅಷ್ಟರಲ್ಲಿ ಗಂಡ ಸಾಮಾನಿನ ಚೀಲ ಹೊತ್ತು ಬಂದ. ಬಾಗಿಲಲ್ಲಿ ನಿಂತು ಟ್ರಂಕು ನೋಡಿದ, ಕೀಲಿ ನೋಡಿದ, ನನ್ನನ್ನು ನೋಡಿದ. ಹೋಗಿ ಬಾ ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ.

ನಾನು ಟ್ರಂಕಿನ ಒಂದು ಕಡೆಯ ಹಿಡಿ ಎತ್ತಿದೆ. ಅಣ್ಣ ನಾನು ಹೊರಟೆನೆಂದು ತಿಳಿದು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ನಾನು ಗ್ಯಾಲರಿಗೆ ಎಳೆದು, "ಇದರ ಆ ಕಡೆ ಹಿಡೀರಿ," ಅಂದೆ ಗಂಡನಿಗೆ. ಇಬ್ಬರೂ ಸೇರಿ ಹಲಗೆಯ ಮೇಲೆ ಎತ್ತಿಟ್ಟೆವು. ಟ್ರಂಕನ್ನು ಓರೆ ಮಾಡಿ, ಜೋತುಬಿದ್ದ ಕೀಲಿಯನ್ನು ಬಾಂಕಿನ ದವಡೆಗಳ ನಡುವೆ ಕೂಡಿಸಿ ಹಿಡಿ ತಿರುಗಿಸಿದೆ. ಕಚ್ಚಿ ಹಿಡಿಯಿತು. ಗಂಡ ತನ್ನ ಕಬ್ಬಿಣ ಕೊಯ್ಯುವ ಗರಗಸಕ್ಕೆ ಕೈ ಚಾಚಿದ.

"ನೀವು ಟ್ರಂಕು ಅಲಗದಂಗ ಹಿಡೀರಿ. ಕೊಯ್ಯಾಕಿ ನಾನ."

ಆತ ಎರಡೂ ತೋಳಿನಿಂದ ಟ್ರಂಕನ್ನು ಅಪ್ಪಿ ಹಿಡಿದ. "ಮುಂದ ಹೋಗೂವಾಗ ಅಷ್ಟ ಒತ್ತು. ಹಿಂದ ಬರೂವಾಗ ಹಗರ ಬಿಡು," ಅಂದ.

ಗರಗಸ ಮೊದಲು ಜಾರಿತು, ಬೆರಳು ಗೀಚಿತು. ಆಮೇಲೆ ದಾರಿ ಮಾಡಿಕೊಂಡಿತು. ಚಾಳಿನ ಬಾಗಿಲುಗಳಲ್ಲೆಲ್ಲ ಜನ ನಿಂತರು. ಬಾಂಕು ಒಂದಿಷ್ಟೂ ಅಲುಗಲಿಲ್ಲ.

"ಹುಚ್ಚಿ!" ಅಂದ ಅಣ್ಣ. ಮುಖ ಕೆಂಪಾಗಿತ್ತು. "ಕೀಲಿಕೈ ನನ್ನ ಕಿಸೇದಾಗ ಅದ. ಕೇಳಿದ್ರ ಕೊಡ್ತಿದ್ದಿಲ್ಲೇನು?"

"ನನ್ನ ಟ್ರಂಕಿನ ಕೀಲಿಕೈ ನಾ ಯಾಕ ಕೇಳಲಿ ಅಣ್ಣಾ?"

ಕೀಲಿಯ ಕೊಂಡಿ ತುಂಡಾಯಿತು. ಮುಚ್ಚಳ ತೆಗೆದು ಸೀರೆಗಳನ್ನು ಒಂದೊಂದಾಗಿ ಒಯ್ದು ಹಗ್ಗದ ಮೇಲೆ ಹಾಕಿದೆ. ಅಣ್ಣನಿಗೆ ಊಟ ಮಾಡಿಕೊಂಡು ಹೋಗು ಎಂದೆ, ಮನಸ್ಸಿನಿಂದಲೇ ಅಂದೆ, ಅವನು ನಿಲ್ಲಲಿಲ್ಲ. ಮೆಟ್ಟಿಲಿಳಿದು ಹೋಗುವವನನ್ನು ಗ್ಯಾಲರಿಯಿಂದ ನೋಡಿದೆ. ಮುಂಬಯಿಯಿಂದ ಅವನು ಊರಿಗೆ ಒಯ್ದದ್ದು ಅಂಗಡಿಯ ಸೀರೆ ಗಂಟು ಮತ್ತು ಕಿಸೆಯಲ್ಲಿದ್ದ ಆ ಕೀಲಿಕೈ.